ನಾಮದ ಕೋಳಿಗೆ ಬಾತುಕೋಳಿಯ ಅಂಕ ಯಾಕಿಲ್ಲ?

ಪ್ರಶ್ನೆ: ಕೆರೆ ಹಕ್ಕಿ ಆಟದಲ್ಲಿ ನನ್ನ ಮಗಳು ಈಜುತ್ತಿದ್ದ ಕಪ್ಪು ಬಾತುಕೋಳಿಯನ್ನು ಎಲ್ಲರಿಗಿಂತ ಮೊದಲು ತೋರಿಸಿದಳು. ಅಂಕ ಕೊಡಲಿಲ್ಲ. ನೀರಲ್ಲಿ ಈಜುವುದು ಬಾತುಕೋಳಿ ಅಲ್ಲದೆ ಇನ್ನೇನು?

ಚಳಿಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಒಮ್ಮೆ ಅಪ್ಪ ಅಮ್ಮಂದಿರಿಂದ, ಒಮ್ಮೆ ಟೀಚರ್‌ಗಳಿಂದ. ಮಕ್ಕಳು ಕೇಳುವುದಿಲ್ಲ, ಅವರಿಗೆ ಒಂದು ಸಲ ಹೇಳಿದರೆ ಸಾಕು. ಹಾಗಾಗಿ ದೊಡ್ಡವರಿಗೋಸ್ಕರ ಮತ್ತೊಮ್ಮೆ: ಅದು ಬಾತುಕೋಳಿ ಅಲ್ಲ, ನಾಮದ ಕೋಳಿ. ಅಂಕ ಇಲ್ಲ.

ಆಟ ಇಷ್ಟೇ: ಕೆರೆಯಲ್ಲಿ ಹಕ್ಕಿ ಹುಡುಕಬೇಕು, ರಟ್ಟಿನ ಮನೆಯಲ್ಲಿ ಬರೆದ ಹಕ್ಕಿ ಕಂಡರೆ ಗುರುತು ಹಾಕಿ ಅಂಕ ಪಡೆಯಬೇಕು. ಒಂದು ರಟ್ಟು, ಒಂಬತ್ತು ಮನೆ, ಒಂದು ಪೆನ್ಸಿಲ್. ಮುಳುಗಿ ಬೇರೆ ಕಡೆ ಏಳುವ ಹಕ್ಕಿ, ಎಲೆ ಮೇಲೆ ನಡೆಯುವ ಹಕ್ಕಿ, ರೆಕ್ಕೆ ಒಣಗಿಸುವ ಹಕ್ಕಿ, ಹೀಗೆ. ಇಬ್ಬರು ನೋಡಿದ್ದರೆ ಮಾತ್ರ ಗುರುತು ಹಾಕಬೇಕು. ಕಲ್ಲೆಸೆದು ಹಾರಿಸಿದವರು ಔಟ್. ಬೆಳಗ್ಗೆ ಬೇಗ ಹೋಗಿ, ಬಿಸಿಲು ಬೆನ್ನಿಗೆ ಬೀಳುವ ಹಾಗೆ ಏರಿ ಮೇಲೆ ನಿಂತರೆ ಬೈನಾಕ್ಯುಲರ್ ಇಲ್ಲದೆಯೂ ಅರ್ಧ ರಟ್ಟು ತುಂಬುತ್ತದೆ. ಜಗಳ ಆಗುವುದು ‘ಬಾತುಕೋಳಿ’ ಎಂದು ಬರೆದ ಒಂದೇ ಮನೆಗೆ.

ನೀರಿಗಿಳಿದ ಮಾತ್ರಕ್ಕೆ ಎಮ್ಮೆ ಮೀನಾಗುತ್ತದಾ? ಹಕ್ಕಿಗಳ ವಿಷಯದಲ್ಲಿ ಮಾತ್ರ ಓದಿದವರೂ ಹೀಗೇ ಲೆಕ್ಕ ಹಾಕುತ್ತಾರೆ. ಈಜುವುದು ಒಂದು ಕೆಲಸ. ಬೇರೆ ಬೇರೆ ಮನೆತನದ ಹಕ್ಕಿಗಳು ಅದನ್ನು ತಮ್ಮ ಪಾಡಿಗೆ ಕಲಿತಿವೆ.

ನಾಮದ ಕೋಳಿಯನ್ನೇ ಸರಿಯಾಗಿ ನೋಡಿ. ಮೈಯೆಲ್ಲ ಮಸಿ ಕಪ್ಪು, ಕಣ್ಣು ಕೆಂಪು. ಕೊಕ್ಕು ಬಿಳಿ, ಅದೇ ಬಿಳುಪು ಹಣೆಯವರೆಗೂ ಹತ್ತಿದೆ. ಕೊಕ್ಕು ಚೂಪು, ಬಾತಿನ ಹಾಗೆ ಚಪ್ಪಟೆ ಅಲ್ಲ. ಈಜುವಾಗ ಒಂದೊಂದು ಸಲ ಕಾಲು ಹೊಡೆದಾಗಲೂ ತಲೆ ಮುಂದೆ ಹಿಂದೆ ಆಡುತ್ತದೆ. ಗಾಬರಿಯಾದರೆ ನೀರಿನ ಮೇಲೆ ಪಟಪಟ ಓಡಿ ಆಮೇಲೆ ಮೇಲೇಳುತ್ತದೆ. ಚುಕ್ಕೆ ಕೊಕ್ಕಿನ ಬಾತಾದರೆ ಇದ್ದಲ್ಲಿಂದಲೇ ಚಿಮ್ಮುತ್ತದೆ. ಇಷ್ಟು ನೋಡಲು ಐದು ನಿಮಿಷ ಸುಮ್ನೆ ನಿಂತರೆ ಸಾಕು.

‘ಕಾಲಲ್ಲಿ ಪೊರೆ ಇದೆ ಅಲ್ವಾ ಸರ್?’ ಎಂಬುದು ಮುಂದಿನ ವಾದ. ಇಲ್ಲ. ಅದು ದಡಕ್ಕೆ ಬಂದಾಗ ನೋಡಿ. ಬೆರಳುಗಳು ಬಿಡಿ ಬಿಡಿ. ಒಂದೊಂದು ಬೆರಳಿನ ಗೆಣ್ಣಿಗೂ ಅಗಲವಾದ ಚರ್ಮದ ಎಸಳು. ಕಾಲು ಹಿಂದೆ ತಳ್ಳಿದಾಗ ಎಸಳು ಬಿಚ್ಚಿಕೊಳ್ಳುತ್ತದೆ, ಮುಂದೆ ತಂದಾಗ ಮಡಚಿಕೊಳ್ಳುತ್ತದೆ. ಬಾತುಕೋಳಿಗೆ ಮುಂದಿನ ಮೂರು ಬೆರಳನ್ನು ಸೇರಿಸಿದ ಪೊರೆ. ನೀರುಕಾಗೆಗೆ ನಾಲ್ಕೂ ಬೆರಳಿಗೆ ಪೊರೆ! ಪೊರೆಯೇ ಲೆಕ್ಕವಾದರೆ ನೀರುಕಾಗೆ ಬಾತಿಗಿಂತ ದೊಡ್ಡ ಬಾತು ಆಗಬೇಕಿತ್ತು.

ನಾಮದ ಕೋಳಿಯ ನೆಂಟರು ಯಾರು ಗೊತ್ತಾ? ನಿಮ್ಮ ಗದ್ದೆ ಬದುವಿನಲ್ಲಿ ಬಾಲ ಕುಣಿಸುತ್ತಾ ಓಡುವ ಹುಂಡುಕೋಳಿ, ಜೊಂಡಿನ ನಡುವೆ ಓಡಾಡುವ ನೇರಳೆ ಬಣ್ಣದ ಜಂಬುಕೋಳಿ. ಗುಳುಮುಳುಕನ ಕಥೆ ಇನ್ನೂ ಮಜಾ. ಬಾಲವೇ ಇಲ್ಲದಂತೆ ಕಾಣುವ ಆ ಪುಟ್ಟ ಉಂಡೆಯನ್ನು ಎಲ್ಲರೂ ಬಾತುಮರಿ ಅನ್ನುತ್ತಾರೆ. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅದಕ್ಕೆ ತೀರಾ ಹತ್ತಿರದ ಸಂಬಂಧಿ ಎಂದು ಸಿಕ್ಕಿದ್ದು ಉದ್ದ ಕಾಲಿನ ಗುಲಾಬಿ ರಾಜಹಂಸ (ಫ್ಲೆಮಿಂಗೊ). ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಮಾಡುವ ಗಲಾಟೆ ಕೇಳುವುದೇ ನನಗೆ ಒಂದು ಖುಷಿ.

ಹಾಗಾದರೆ ಬಾತುಕೋಳಿ ಯಾವುದು? ಚಪ್ಪಟೆ ಕೊಕ್ಕು ನೋಡಿ. ವರ್ಷವಿಡೀ ನಮ್ಮ ಕೆರೆಗಳಲ್ಲೇ ಇರುವ ಚುಕ್ಕೆ ಕೊಕ್ಕಿನ ಬಾತಿಗೆ ಕಪ್ಪು ಕೊಕ್ಕಿನ ತುದಿ ಹಳದಿ. ಬಾಲ ಮೇಲೆ, ತಲೆ ನೀರೊಳಗೆ ಮಾಡಿ ಮೇಯುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸೂಜಿಬಾಲದ ಬಾತು, ಚಲುಕದ ಬಾತುಗಳೂ ಉತ್ತರದಿಂದ ಬಂದು ಸೇರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಕಡೆಯವರಿಗೆ ಬೋನಸ್ ಇದೆ: ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಅದೂ ಬಾತಿನ ಕುಟುಂಬವೇ, ಅಂಕ ಕೊಡಿ. ಯಾರೋ ಸಾಕಿ ಬಿಟ್ಟ ಬಿಳಿ ಬಾತು ಕಂಡರೆ? ಬೇಸರದಿಂದಲೇ ಹೇಳುತ್ತೇನೆ, ಅದಕ್ಕೂ ಅಂಕ ಇದೆ.

ನೀರುಕಾಗೆ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಅದು ಕಲ್ಲಿನ ಮೇಲೆ ಕೂತು ರೆಕ್ಕೆ ಹರಡುವುದು ಯಾಕೆ? ಮೈಗೆ ಹಚ್ಚಿಕೊಳ್ಳಲು ಎಣ್ಣೆ ಇಲ್ಲ, ಅದಕ್ಕೇ ಒದ್ದೆಯಾಗುತ್ತದೆ ಎಂದು ಗೈಡ್‌ಗಳೂ ಹೇಳುವುದುಂಟು. ಎಣ್ಣೆ ಗ್ರಂಥಿ ಅದಕ್ಕೂ ಇದೆ. ವ್ಯತ್ಯಾಸ ಇರುವುದು ಗರಿಯ ನೇಯ್ಗೆಯಲ್ಲಿ. ಗರಿಯ ಹೊರ ಅಂಚು ಸಡಿಲ, ಅಲ್ಲಿಗೆ ನೀರು ನುಗ್ಗುತ್ತದೆ. ಒಳಭಾಗ ಬಿಗಿ, ಅದು ನೆನೆಯುವುದಿಲ್ಲ. ಹೊರಗರಿಯಲ್ಲಿ ಸಿಕ್ಕಿಕೊಂಡ ಗಾಳಿ ಹೋದ ಮೇಲೆ ಮೈ ಅಷ್ಟಾಗಿ ತೇಲುವುದಿಲ್ಲ, ಮೀನಿನ ಹಿಂದೆ ಮುಳುಗುವುದು ಸುಲಭ. ಬೇಟೆ ಮುಗಿದ ಮೇಲೆ ಒಣಗಿಸಿಕೊಳ್ಳಬೇಕು, ಅಷ್ಟೇ. ಹಾವಕ್ಕಿಯೂ ಹೀಗೇ ರೆಕ್ಕೆ ಹರಡಿ ಕೂರುತ್ತದೆ. ಕೊಕ್ಕಿನ ತುದಿ ಬಾಗಿದ್ದರೆ ನೀರುಕಾಗೆ, ಭರ್ಜಿಯಂತೆ ನೇರ ಇದ್ದರೆ ಹಾವಕ್ಕಿ. ರಟ್ಟಿನಲ್ಲಿ ‘ರೆಕ್ಕೆ ಒಣಗಿಸುವ ಹಕ್ಕಿ’ ಎಂದಷ್ಟೇ ಇರುವುದರಿಂದ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.