16 ಬಣ್ಣದಲ್ಲಿ ಹೊಲಿದ ಉಡುಪು

ಕೊಡಗಿನಲ್ಲಿ ಮಳೆ ಹಿಡಿದರೆ ಹುಡುಗರು ಮನೆ ಬಿಟ್ಟು ಕದಲುವುದಿಲ್ಲ. ಕೈಗೆ ಬರುವುದು ಮೊಬೈಲು, ಇಲ್ಲವೇ ಗೇಮ್ ಕಂಟ್ರೋಲರು. ಫೈಟಿಂಗ್ ಗೇಮ್‌ಗಳಲ್ಲಿ ಸಮುರಾಯ್ ಇದ್ದಾನೆ, ನಿಂಜಾ ಇದ್ದಾನೆ, ಸುಮೋ ಪೈಲ್ವಾನನೂ ಇದ್ದಾನೆ. ಕೊಡವರ ನಿಲುವಂಗಿ ಕುಪ್ಯ ತೊಟ್ಟು ಸೊಂಟಕ್ಕೆ ಚೇಲೆ ಎಂಬ ಪಟ್ಟಿ ಬಿಗಿದವನು ಯಾಕಿಲ್ಲ ಎಂದು ಅವರು ಕೇಳಿದರೆ ತಪ್ಪೇನಿಲ್ಲ. ಉತ್ತರ ಹುಡುಕಲು ಈ ಆಟಗಳಲ್ಲಿ ಉಡುಪು ಹುಟ್ಟಿದ ಬಗೆಯನ್ನು ನೋಡಬೇಕು.

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ತಂದಾಗ ಕಲಾವಿದರ ಕೈ ಕಟ್ಟಿಹಾಕಿದ್ದು ಯಂತ್ರ. ಒಂದು ಬಣ್ಣದ ಪಟ್ಟಿಯಲ್ಲಿ 16 ಮನೆ. ಅದರಲ್ಲೂ ಒಂದು ಪಾರದರ್ಶಕ. ಚರ್ಮ, ಕೂದಲು, ಬಟ್ಟೆ, ಬಟ್ಟೆಯ ನೆರಳು ಎಲ್ಲವನ್ನೂ ಅಷ್ಟರಲ್ಲೇ ಹೊಂದಿಸಬೇಕು. ಆ ಆಟದ ಹೋರಾಟಗಾರ್ತಿ ಚುನ್ ಲೀಯನ್ನು ನೋಡಿ: ನೀಲಿ ಚೀನೀ ಉಡುಪು, ತಲೆಯ ಎರಡೂ ಬದಿಗೆ ಕಟ್ಟಿದ ಗಂಟು, ಮುಂಗೈಯಲ್ಲಿ ಮುಳ್ಳಿನ ದಪ್ಪ ಬಳೆ. ಬಣ್ಣ ಪೂರ್ತಿ ತೆಗೆದು ಬರೀ ನೆರಳು ಉಳಿಸಿದರೂ ಅವಳನ್ನು ಗುರುತಿಸಬಹುದು. ಎದುರಾಳಿ ಒದೆಯಲು ಕಾಲೆತ್ತಿದ್ದು ಕಣ್ಣು ಮಿಟುಕಿಸುವುದರೊಳಗೆ ತಿಳಿಯಬೇಕಾದ ಆಟಕ್ಕೆ ಅದೇ ಮುಖ್ಯ.

ಮೊದಲ ಆವೃತ್ತಿಯಲ್ಲಿ ಇಬ್ಬರು ಆಟಗಾರರು ಒಂದೇ ಪಾತ್ರ ಆರಿಸುವಂತಿರಲಿಲ್ಲ. 1992ರ ‘ಚಾಂಪಿಯನ್ ಎಡಿಷನ್’ ಅದಕ್ಕೆ ಅವಕಾಶ ಕೊಟ್ಟಿತು. ಆ ಆಟದ ರ‍್ಯೂ ಎಂಬ ಪಾತ್ರವನ್ನೇ ಇಬ್ಬರೂ ಆರಿಸಿ ಎದುರುಬದುರು ನಿಂತರೆ ಯಾರು ಯಾರು ಎಂದು ತಿಳಿಯಬೇಕಲ್ಲ, ಉಡುಪಿನ ಬಣ್ಣ ಬದಲಿಸಿದರು. ಅದೇ ವರ್ಷ ಮಿಡ್‌ವೇ ಕಂಪನಿಯ ‘ಮಾರ್ಟಲ್ ಕಾಂಬ್ಯಾಟ್’ ನಿಜವಾದ ನಟರನ್ನು ಚಿತ್ರೀಕರಿಸಿ ಪರದೆಗೆ ತಂದಿತು. ಡೇನಿಯಲ್ ಪೆಸೀನಾ ತೊಟ್ಟ ಒಂದೇ ನಿಂಜಾ ವೇಷ ಹಳದಿಯಾದರೆ ಸ್ಕಾರ್ಪಿಯನ್, ನೀಲಿಯಾದರೆ ಸಬ್‌ಜೀರೋ, ಹಸಿರಾದರೆ ರೆಪ್ಟೈಲ್. ಮೆಮೊರಿ ಉಳಿಸಲು ಮಾಡಿದ ಉಪಾಯದಿಂದ ಮೂರು ಪಾತ್ರ ಹುಟ್ಟಿದವು.

1993ರ ‘ವರ್ಚುವಾ ಫೈಟರ್’ನಿಂದ ಮೂರು ಆಯಾಮ ಬಂತು, ನೆರಿಗೆಯೇ ಇಲ್ಲದ ಚಪ್ಪಟೆ ಬಟ್ಟೆಯೊಂದಿಗೆ. 2014ರ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ ನನ್ನ ಮಟ್ಟಿಗೆ ಈ ಕಥೆಯ ಅತಿ ಸುಂದರ ತಿರುವು. ಮಾದರಿಗಳೆಲ್ಲ ಮೂರು ಆಯಾಮದವು, ಕಾಣುವುದು ಮಾತ್ರ ಕೈಯಲ್ಲಿ ಬರೆದ ಅನಿಮೆ, ಅಂದರೆ ಜಪಾನಿ ಕಾರ್ಟೂನು. ಕಂಪ್ಯೂಟರು ಚಲನೆಯನ್ನು ನುಣುಪಾಗಿಸಲು ಬಿಡದೆ ಒಂದೊಂದು ಭಂಗಿಯನ್ನೂ ಕ್ಷಣ ಹಿಡಿದು ನಿಲ್ಲಿಸಿದರು. ನೆರಳು ಎಲ್ಲಿ ಬೀಳಬೇಕೆಂದು ಕಲಾವಿದರೇ ತಿದ್ದಿದರು.

ತಟ್ಟನೆ ಗುರುತು ಸಿಗಬೇಕೆಂಬ ಹಟಕ್ಕೆ ಬಲಿಯಾದವನು ‘ಸ್ಟ್ರೀಟ್ ಫೈಟರ್ 2’ರಲ್ಲಿದ್ದ ನಮ್ಮ ದೇಶದ ಪಾತ್ರ ಧಾಲ್ಸಿಮ್. ಯೋಗಿ ಎಂದು ಅವನ ಕೊರಳಿಗೆ ತಲೆಬುರುಡೆ ಮಾಲೆ ಹಾಕಿ, ಕೈಕಾಲು ಮಾರುದ್ದ ಚಾಚಿಸಿ, ಬಾಯಿಂದ ಬೆಂಕಿ ಉಗುಳಿಸಿ, ಹಿಂದೆ ಆನೆ ನಿಲ್ಲಿಸಿದರು. ಭಾರತವೆಂದರೆ ಇಷ್ಟೇ ಎಂದು ಲೋಕವೆಲ್ಲ ನೋಡಿತು. ಅದು ನನಗೆ ಇಂದಿಗೂ ನೋವಿನ ಸಂಗತಿ.

ಕೊಡವ ಉಡುಪು ಈ ಆಟಗಳಿಗೆ ಹೇಳಿ ಮಾಡಿಸಿದಂತಿದೆ. ಕಪ್ಪು ಕುಪ್ಯ, ಕೆಂಪು ಚೇಲೆ, ಮುಂದೆ ಸಿಕ್ಕಿಸಿದ ಪೀಚೆಕತ್ತಿ, ಬೆನ್ನ ಹಿಂದೆ ತೋಡಂಗ್ ಎಂಬ ಕೊಂಡಿಯಲ್ಲಿ ಒಡಿಕತ್ತಿ: 16 ಬಣ್ಣವೂ ಬೇಡ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಆಡುವ ಪರಿಯಕಳಿ ಎಂಬ ಆಟದಲ್ಲಿ ಬೆತ್ತ, ಗುರಾಣಿ ಹಿಡಿದು ಮೊಣಕಾಲಿನ ಕೆಳಗೆ ಮಾತ್ರ ಹೊಡೆಯುವ ಕಟ್ಟಳೆಯಿದೆ; ಹೊಡೆತಗಳನ್ನು ರೂಪಿಸುವವರಿಗೆ ಅದೊಂದೇ ಸಾಕಷ್ಟು ಸರಕು. ಆದರೆ ಎರಡನೇ ಆಟಗಾರನಿಗೆಂದು ಕುಪ್ಯವನ್ನು ಬಿಳಿ ಮಾಡುವ ಮುನ್ನ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಯಾರನ್ನಾದರೂ ಕೇಳಬೇಕು. ಬಿಳಿ ಕುಪ್ಯ ಮದುವೆ ಮಂಟಪದಲ್ಲಿ ಮದುಮಗ ತೊಡುವುದು.