ಡಾನ್ ಫ್ರಾಂಕ್ಸ್: ತಾಳ ಗೊತ್ತಿದ್ದ ನಟ

ನಟನೆ ಕಲಿಯುವವರು, ಸಂಗೀತ ಕಲಿಯುವವರು ಇಬ್ಬರೂ ಓದಲಿ ಅಂತ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಡಾನ್ ಫ್ರಾಂಕ್ಸ್ ಕೆನಡಾದ ನಟ. ನಾಟಕ, ಸಿನಿಮಾ, ಟಿವಿ, ಕಾರ್ಟೂನ್ ಎಲ್ಲದರಲ್ಲೂ ದುಡಿದವರು. ಒಳ್ಳೆಯ ಜಾಝ್ ಹಾಡುಗಾರ. ಡ್ರಮ್ಸ್ ಕೂಡ ಬಾರಿಸುತ್ತಿದ್ದರು. ಅವರ ಪರಿಚಯ ಬರೆಯುವವರು ಡ್ರಮ್ಸ್ ವಿಷಯವನ್ನು ಕೊನೆಯಲ್ಲಿ ಒಂದು ಪದ ಹಾಕಿ ಮುಗಿಸಿಬಿಡುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕಂದ್ರೆ ಅವರ ಕೆಲಸಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಪಾತ್ರಗಳಿಗೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ತಾಳದ ಕಿವಿಯಿಂದ ಕೇಳಿದರೆ ಮಾತ್ರ ಎಲ್ಲವೂ ಒಬ್ಬನೇ ಮನುಷ್ಯನ ಕೆಲಸ ಅನ್ನಿಸುತ್ತದೆ.

ಹುಟ್ಟಿದ್ದು 1932ರಲ್ಲಿ, ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ಕಡೆ. ಕೆನಡಾದ ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿ ಟಿವಿ ಪ್ರಸಾರ ಶುರು ಮಾಡಿದ್ದು 1952ರಲ್ಲಿ. ಅಂದರೆ ಅವರು ದೊಡ್ಡವರಾಗುವ ಹೊತ್ತಿಗೆ ಟಿವಿಯೂ ಬಂತು. ಹಾಡುವವರು, ನಟಿಸುವವರು ಇಬ್ಬರೂ ಅಲ್ಲಿ ಬೇಕಿದ್ದರು. ಫ್ರಾಂಕ್ಸ್ ಎರಡನ್ನೂ ಮಾಡಬಲ್ಲವರಾಗಿದ್ದರು. 1959ರಲ್ಲಿ ಕೆನಡಾದ ಕುದುರೆ ಪೊಲೀಸರ ಬಗ್ಗೆ ಬಂದ ‘ಆರ್‌ಸಿಎಂಪಿ’ ಧಾರಾವಾಹಿಯಲ್ಲಿ ಕಾನ್‌ಸ್ಟೇಬಲ್ ಪಾತ್ರ ಮಾಡಿದರು. ಆ ಕಾಲದ ಬಗ್ಗೆ ಇಷ್ಟು ಸಾಕು.

ಡ್ರಮ್ಸ್ ಇಲ್ಲದ ಬ್ಯಾಂಡ್

ನಿಜವಾದ ಪಾಠ ಇರುವುದು 1962ರ ಟೊರಾಂಟೊದಲ್ಲಿ. ಫ್ರಾಂಕ್ಸ್ ಅಲ್ಲಿ ‘ತ್ರೀ’ ಅನ್ನುವ ಬ್ಯಾಂಡ್ ಕಟ್ಟಿದರು. ಹೆಸರೇ ಹೇಳುವಂತೆ ಮೂರೇ ಜನ. ಫ್ರಾಂಕ್ಸ್ ಹಾಡು, ಲೆನಿ ಬ್ರೋ ಗಿಟಾರ್, ಇಯಾನ್ ಹೆನ್‌ಸ್ಟ್ರಿಡ್ಜ್ ಬಾಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ. ಲೆನಿಗೆ ಆಗ 21 ವರ್ಷ. ಮುಂದೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು ಮಾಡಿದ ಹುಡುಗ.

ಡ್ರಮ್ಸ್ ಬಾರಿಸುವವನ ಬ್ಯಾಂಡಿನಲ್ಲೇ ಡ್ರಮ್ಸ್ ಇಲ್ಲ. ನನಗೆ ಬಹಳ ಇಷ್ಟವಾದ ಸಂಗತಿ ಇದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾಝ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆಯ ತಾಳ. ಬಾಸ್ ಒಂದೊಂದು ಎಣಿಕೆಗೆ ಒಂದೊಂದು ಸ್ವರ ಇಟ್ಟು ನಡೆಯುತ್ತಾ ಹೋಗುತ್ತದೆ. ಡ್ರಮ್ಸ್ ಬಾರಿಸುವವನು ಹೈ-ಹ್ಯಾಟ್ ಅನ್ನುವ ಜೋಡಿ ಲೋಹದ ತಟ್ಟೆಯನ್ನು ಕಾಲಿನಿಂದ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಮುಚ್ಚುತ್ತಾನೆ. ಕೈಯಲ್ಲಿ ಸಿಂಬಲ್ ಅನ್ನುವ ಇನ್ನೊಂದು ತಟ್ಟೆಯ ಮೇಲೆ ಒಂದು ಉದ್ದ, ಒಂದು ಗಿಡ್ಡ ಪೆಟ್ಟು ಹಾಕುತ್ತಾ ಹೋಗುತ್ತಾನೆ. ಆ ಉದ್ದ-ಗಿಡ್ಡದ ತೂಗಾಟಕ್ಕೇ ಸ್ವಿಂಗ್ ಅನ್ನುವುದು. ಈಗ ಡ್ರಮ್ಸ್ ತೆಗೆದುಬಿಡಿ. ಬಾಸ್ ಎಣಿಕೆ ಹಿಡಿದುಕೊಂಡಿದೆ, ನಿಜ. ಆದರೆ ಪೆಟ್ಟಿನ ಚೂಪು ಎಲ್ಲಿಂದ ಬರಬೇಕು? ಹಾಡುಗಾರನ ಬಾಯಿಂದಲೇ ಬರಬೇಕು.

ಪದದ ಮೊದಲ ವ್ಯಂಜನವನ್ನು ಎಷ್ಟು ಗಟ್ಟಿಯಾಗಿ, ಯಾವ ಕ್ಷಣಕ್ಕೆ ಇಡುತ್ತೀರಿ ಅನ್ನುವುದೇ ಅಲ್ಲಿ ಕೋಲಿನ ಪೆಟ್ಟು. ಒಂದು ಕೂದಲೆಳೆ ತಡ ಮಾಡಿದರೆ ಹಾಡಿಗೆ ಆರಾಮ ಬರುತ್ತದೆ. ಒಂದು ಕೂದಲೆಳೆ ಮುಂಚೆ ಬಂದರೆ ಅವಸರ ಬರುತ್ತದೆ. ಅರ್ಥವಿಲ್ಲದ ಅಕ್ಷರಗಳನ್ನು ವಾದ್ಯದಂತೆ ಹಾಡುವುದಕ್ಕೆ ಸ್ಕ್ಯಾಟ್ ಅಂತಾರೆ. ಅಲ್ಲಿ ಆಸರೆಗೆ ಪದದ ಅರ್ಥ ಕೂಡ ಇರುವುದಿಲ್ಲ. ಪೂರ್ತಿ ತಾಳ ಮತ್ತು ಸ್ವರದ ಮೇಲೆ ನಿಲ್ಲಬೇಕು. ಎಣಿಕೆ ಒಳಗೇ ಓಡುತ್ತಿರುವವನಿಗೆ ಮಾತ್ರ ಇದು ಸಾಧ್ಯ ಅಲ್ವಾ?

ಈ ಮೂವರು ಟೊರಾಂಟೊದ ಪರ್ಪಲ್ ಆನಿಯನ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಧ್ವನಿಮುದ್ರಣ ಮಾಡಿದ್ದರು. ಅದು ಜನರ ಕೈಗೆ ಸಿಕ್ಕಿದ್ದು 2004ರಲ್ಲಿ, 42 ವರ್ಷ ತಡವಾಗಿ.

ಒಂದೇ ರಾತ್ರಿಯ ನಾಟಕ

ಮುಂದೆ ನ್ಯೂಯಾರ್ಕ್. 1965ರ ಫೆಬ್ರವರಿ 6. ಬ್ರಾಡ್‌ಹರ್ಸ್ಟ್ ರಂಗಮಂದಿರದಲ್ಲಿ ‘ಕೆಲ್ಲಿ’ ಅನ್ನುವ ಸಂಗೀತ ನಾಟಕ. ಬ್ರೂಕ್ಲಿನ್ ಸೇತುವೆಯಿಂದ ಹಾರುತ್ತೇನೆ ಅಂತ ಸವಾಲು ಹಾಕುವ ಹುಡುಗನ ಕತೆ. 1886ರಲ್ಲಿ ಹಾಗೆ ಹಾರಿ ಬದುಕಿದೆ ಅಂತ ಹೇಳಿಕೊಂಡ ಸ್ಟೀವ್ ಬ್ರೋಡಿ ಅನ್ನುವವನ ಪ್ರಸಂಗ ಇದಕ್ಕೆ ಮೂಲ. ನಾಯಕ ಹಾಪ್ ಕೆಲ್ಲಿಯ ಪಾತ್ರ ಫ್ರಾಂಕ್ಸ್‌ದು.

ಆ ನಾಟಕ ಶುರುವಾದ ರಾತ್ರಿಯೇ ಮುಚ್ಚಿತು. ಸುಮಾರು 6,50,000 ಡಾಲರ್ ನಷ್ಟ. ಆ ಕಾಲಕ್ಕೆ ಅದು ನ್ಯೂಯಾರ್ಕಿನ ದೊಡ್ಡ ನಾಟಕರಂಗವಾದ ಬ್ರಾಡ್‌ವೇ ಬೆಚ್ಚಿಬೀಳುವ ಮೊತ್ತ.

ಹೀಗೆ ಯಾಕಾಯಿತು ಅನ್ನುವುದನ್ನು ರಂಗಭೂಮಿ ಓದುವವರು ತಿಳಿದುಕೊಳ್ಳಬೇಕು. ಬ್ರಾಡ್‌ವೇ ನಾಟಕಗಳನ್ನು ಮೊದಲು ಬೇರೆ ಊರುಗಳಲ್ಲಿ ಆಡಿ ಪರೀಕ್ಷೆ ಮಾಡುವ ರೂಢಿ ಇತ್ತು. ‘ಕೆಲ್ಲಿ’ ಫಿಲಡೆಲ್ಫಿಯಾ, ಬಾಸ್ಟನ್ ಎರಡೂ ಕಡೆ ಆಡಿತು. ಜನರ ಪ್ರತಿಕ್ರಿಯೆ ನೋಡಿ ನಿರ್ಮಾಪಕರು ದೃಶ್ಯ ಬದಲಿಸುತ್ತಾ ಹೋದರು. ಬರೆದವರಿಗೆ ಅದು ಒಪ್ಪಿಗೆಯಾಗಲಿಲ್ಲ, ಜಗಳ ನ್ಯಾಯಾಲಯದ ತನಕ ಹೋಯಿತು. ಬಾಸ್ಟನ್ನಿನಲ್ಲಿ ಎಲಾ ಲೋಗನ್ ಅನ್ನುವ ಹಿರಿಯ ನಟಿಯ ಪಾತ್ರವನ್ನೇ ಕಿತ್ತುಹಾಕಿದರು. ಇಷ್ಟು ತಿದ್ದುಪಡಿ ನಡುವೆ ನಾಯಕನ ಪಾತ್ರಧಾರಿ ದಿನಾ ಹೊಸ ಮಾತು, ಹೊಸ ಚಲನೆ ಕಲಿಯಬೇಕು. ನಾಟಕಕ್ಕೇ ಒಂದು ನಡೆ ಸಿಗದಿದ್ದಾಗ ನಟನೊಬ್ಬನ ತಾಳಜ್ಞಾನ ಅದನ್ನು ಉಳಿಸುವುದಿಲ್ಲ. ಆ ಸೋಲನ್ನು ಫ್ರಾಂಕ್ಸ್ ಲೆಕ್ಕಕ್ಕೆ ಬರೆಯುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಎಲಾ ಲೋಗನ್ ಹೆಸರು ಮರೆಯಬೇಡಿ. 1947ರಲ್ಲಿ ಬ್ರಾಡ್‌ವೇನಲ್ಲಿ ‘ಫಿನಿಯನ್ಸ್ ರೇನ್‌ಬೋ’ ಬಂದಾಗ ನಾಯಕಿ ಶರನ್ ಆಗಿದ್ದವರು ಅವರೇ. ಅದೇ ನಾಟಕ 1968ರಲ್ಲಿ ಸಿನಿಮಾ ಆಯಿತು, ನಾಯಕ ವುಡಿ ಮಹೋನಿ ಆಗಿ ಬಂದವರು ಫ್ರಾಂಕ್ಸ್. ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲ, ಆಗ ಇನ್ನೂ 29ರ ಯುವಕ. ಶರನ್ ಪಾತ್ರದಲ್ಲಿ ಪೆಟ್ಯುಲಾ ಕ್ಲಾರ್ಕ್, ತಂದೆಯಾಗಿ 69ರ ಫ್ರೆಡ್ ಆಸ್ಟೇರ್. ಆಸ್ಟೇರ್‌ಗೂ ಡ್ರಮ್ಸ್ ಅಂದರೆ ಪ್ರಾಣ. 1948ರ ‘ಈಸ್ಟರ್ ಪರೇಡ್’ನಲ್ಲಿ ಆಟಿಕೆ ಅಂಗಡಿಯೊಳಗೆ ಡ್ರಮ್‌ಗಳ ಜೊತೆ ಅವರು ಕುಣಿಯುವುದನ್ನು ಹುಡುಕಿ ನೋಡಿ. ತಾಳ ಬಲ್ಲ ಇಬ್ಬರು ಒಂದೇ ಸಿನಿಮಾದಲ್ಲಿದ್ದರು ಅನ್ನುವುದೇ ನನಗೆ ಖುಷಿ.

ಊರು ಬಿಟ್ಟು ರಿಸರ್ವ್‌ಗೆ

ಹಾಲಿವುಡ್ ಸಂಗೀತ ಚಿತ್ರದ ನಾಯಕನಾದ ಮೇಲೆ ಬಹಳ ಜನ ಅಲ್ಲೇ ಬೇರೂರುತ್ತಾರೆ. ಫ್ರಾಂಕ್ಸ್ ಬೇರೂರಲಿಲ್ಲ. ಕುಟುಂಬದ ಜೊತೆ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ರೆಡ್ ಫೆಸೆಂಟ್ ರಿಸರ್ವ್‌ನಲ್ಲಿ ವಾಸ ಮಾಡಿದರು. ಅದು ಕ್ರೀ ಎಂಬ ಮೂಲನಿವಾಸಿ ಜನರ ನೆಲ. ಐರನ್ ಬಫಲೋ ಅನ್ನುವ ಇನ್ನೊಂದು ಹೆಸರಿನಿಂದಲೂ ಅವರು ಗೊತ್ತಿದ್ದರು. ಮಗಳಿಗೆ ಕ್ರೀ ಅಂತಲೇ ಹೆಸರಿಟ್ಟರು. ಆ ಕ್ರೀ ಸಮ್ಮರ್ 1983ರಲ್ಲಿ ‘ಇನ್‌ಸ್ಪೆಕ್ಟರ್ ಗ್ಯಾಜೆಟ್’ ಕಾರ್ಟೂನಿನ ಪೆನ್ನಿ ಅನ್ನುವ ಹುಡುಗಿಯ ಪಾತ್ರಕ್ಕೆ ದನಿ ಕೊಟ್ಟರು, ಇವತ್ತಿಗೂ ಕಂಠದಾನದಲ್ಲಿ ದೊಡ್ಡ ಹೆಸರು. ಮಗ ರೇನ್‌ಬೋ ಸನ್ ಫ್ರಾಂಕ್ಸ್ ‘ಸ್ಟಾರ್‌ಗೇಟ್ ಅಟ್ಲಾಂಟಿಸ್’ ಧಾರಾವಾಹಿಯ ನಟ.

ಮುಖ ಕಾಣದ ಪಾತ್ರಗಳು

ಕಂಠದಾನದ ಭಾಗವನ್ನು ನಿಧಾನವಾಗಿ ಓದಿ. 1978ರ ನವೆಂಬರ್ 17ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಾಹ್ಯಾಕಾಶ ಸಾಹಸದ ಸಿನಿಮಾ ಸರಣಿ ‘ಸ್ಟಾರ್ ವಾರ್ಸ್’ನ ಒಂದು ಹಬ್ಬದ ಕಾರ್ಯಕ್ರಮ ಬಂತು. ಅದರೊಳಗೆ ಟೊರಾಂಟೊದ ನೆಲ್ವಾನಾ ಸ್ಟುಡಿಯೊ ಮಾಡಿದ ಪುಟ್ಟ ಕಾರ್ಟೂನ್. ಹಣಕ್ಕಾಗಿ ಜನರನ್ನು ಬೇಟೆಯಾಡುವ ಬೋಬಾ ಫೆಟ್ ಅನ್ನುವ ಪಾತ್ರ ಟಿವಿಯಲ್ಲಿ ಕಾಣಿಸಿದ್ದು ಅಲ್ಲೇ ಮೊದಲು. ಸರಣಿಯ ಎರಡನೇ ಸಿನಿಮಾ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಬರಲು ಇನ್ನೂ ಒಂದೂವರೆ ವರ್ಷ ಇತ್ತು. ಆ ಮೊದಲ ದನಿ ಡಾನ್ ಫ್ರಾಂಕ್ಸ್‌ದು.

ಬೋಬಾ ಫೆಟ್‌ಗೆ ಹೆಲ್ಮೆಟ್ ಇದೆ. ತುಟಿ ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ. ನಟನ ಕೈಯಲ್ಲಿ ಉಳಿಯುವುದು ದನಿಯ ಬಣ್ಣ ಮತ್ತು ಕಾಲ. ಎಲ್ಲಿ ನಿಲ್ಲಿಸಬೇಕು, ಮುಂದಿನ ಮಾತು ಎಷ್ಟು ಹೊತ್ತು ಬಿಟ್ಟು ಬರಬೇಕು, ಅಷ್ಟೇ. ಡ್ರಮ್ಸ್ ಕಲಿಯುವವರಿಗೆ ಗುರುಗಳು ಮೊದಲು ತಿದ್ದುವುದು ಇದನ್ನೇ ಅಲ್ವಾ, ಪೆಟ್ಟಿಗಿಂತ ಪೆಟ್ಟಿನ ನಡುವಿನ ಜಾಗವನ್ನು.

1983ರಲ್ಲಿ ನೆಲ್ವಾನಾದ ಮೊದಲ ಪೂರ್ಣ ಸಿನಿಮಾ ‘ರಾಕ್ ಅಂಡ್ ರೂಲ್’ ಬಂತು. ಖಳನಾಯಕ ಮಾಕ್ ಒಬ್ಬ ಮುದಿ ರಾಕ್ ತಾರೆ. ಅವನ ಮಾತು ಫ್ರಾಂಕ್ಸ್‌ದು, ಹಾಡು ರಾಕ್ ಗಾಯಕ ಲೂ ರೀಡ್ ಅವರದು. ಹಾಡಬಲ್ಲ ನಟನೇ ಇಲ್ಲಿ ಹಾಡುತ್ತಿಲ್ಲ. ಮಾತು ಮಾತ್ರ ಅವರ ಪಾಲು. 1992ರಿಂದ ಬಂದ ‘ಎಕ್ಸ್-ಮೆನ್’ ಕಾರ್ಟೂನಿನಲ್ಲಿ ಸೇಬರ್‌ಟೂತ್ ಅನ್ನುವ ಖಳನ ಗುರುಗುಟ್ಟುವ ದನಿಯೂ ಅವರದೇ.

ಜಾಸ್ತಿ ಜನ ಅವರನ್ನು ಗುರುತಿಸಿದ್ದು ಮಾತ್ರ 1997ರಿಂದ 2001ರ ತನಕ ನಡೆದ ‘ಲಾ ಫೆಮ್ ನಿಕಿತಾ’ದಿಂದ. ಟೊರಾಂಟೊ ಕಡೆ ಚಿತ್ರೀಕರಣವಾದ ಗೂಢಚಾರರ ಧಾರಾವಾಹಿ ಅದು. ಅಲ್ಲಿ ಆಯುಧ ತಯಾರಿಸುವ ವಾಲ್ಟರ್ ಆಗಿ ಬರುತ್ತಾರೆ. ಉದ್ದ ಬಿಳಿ ಕೂದಲು, ತಲೆಗೆ ಬಟ್ಟೆ. ಸುತ್ತಲಿನವರೆಲ್ಲ ಪಿಸುದನಿಯಲ್ಲಿ, ಒಂದೇ ಗತಿಯಲ್ಲಿ, ಮುಖ ಬಿಗಿದು ಮಾತಾಡುತ್ತಾರೆ. ವಾಲ್ಟರ್ ಬಂದ ಕೂಡಲೇ ಗತಿ ಸಡಿಲವಾಗುತ್ತದೆ. ಆ ಕತ್ತಲೆ ಕತೆಯೊಳಗೆ ನೋಡುವವರಿಗೆ ಉಸಿರು ಬಿಡಲು ಜಾಗ ಸಿಗುತ್ತದೆ.

ಫ್ರಾಂಕ್ಸ್ 2016ರ ಏಪ್ರಿಲ್ 3ರಂದು ಟೊರಾಂಟೊದಲ್ಲಿ ತೀರಿಕೊಂಡರು. 84 ವರ್ಷ ವಯಸ್ಸಾಗಿತ್ತು.

ಕೇಳಲು ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು ‘ಫಿನಿಯನ್ಸ್ ರೇನ್‌ಬೋ’ದ ‘ಓಲ್ಡ್ ಡೆವಿಲ್ ಮೂನ್’ ಹಾಡು ಹಾಕಿ. ಎರಡನೇ, ನಾಲ್ಕನೇ ಎಣಿಕೆಗೆ ಮೆಲ್ಲಗೆ ಕೈ ತಟ್ಟುತ್ತಾ ಕೇಳಿ. ಆಮೇಲೆ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಡಾನ್ ಓವನ್ ಮಾಡಿದ 1963ರ ‘ಟೊರಾಂಟೊ ಜಾಝ್’ ಸಾಕ್ಷ್ಯಚಿತ್ರ ನೋಡಿ. ಫ್ರಾಂಕ್ಸ್, ಲೆನಿ ಇಬ್ಬರೂ ಅದರಲ್ಲಿದ್ದಾರೆ. ಕೊನೆಗೆ ಪರ್ಪಲ್ ಆನಿಯನ್ ಮುದ್ರಣ. ಅದನ್ನು ಕೇಳುವಾಗ ಕೈ ತಟ್ಟಬೇಡಿ. ಸುಮ್ನೆ ಕೂತು, ಇಲ್ಲದ ಡ್ರಮ್ಸ್ ಎಲ್ಲಿ ಕೇಳಿಸುತ್ತದೆ ಅಂತ ಹುಡುಕಿ.