ಜಾಗ ಹೋದರೆ ವ್ಯಾಪಾರಕ್ಕೆ ಏನು ಸಿಗುತ್ತದೆ? 2013ರ ಭೂಸ್ವಾಧೀನ ಕಾಯ್ದೆಯ 28ನೇ ಕಲಂ

ಭೂಸ್ವಾಧೀನ ಪರಿಹಾರ ಅಂದ ಕೂಡಲೇ ಕಾನೂನು ಓದುವ ನಾವೆಲ್ಲ 26ನೇ ಕಲಂ ಓದಿ, ಮಾರುಕಟ್ಟೆ ಬೆಲೆ ಕಟ್ಟಿ, ಸೋಲೇಷಿಯಂ (ಒತ್ತಾಯದಿಂದ ಜಾಗ ತಗೊಳ್ಳುವುದಕ್ಕೆ ಕೊಡುವ ಹೆಚ್ಚುವರಿ ಹಣ) ಸೇರಿಸಿ ಪುಸ್ತಕ ಮುಚ್ಚಿಬಿಡುತ್ತೇವೆ. ಆ ಜಾಗದಲ್ಲಿ ಅಂಗಡಿಯೋ ಗಿರಣಿಯೋ ನಡೆಯುತ್ತಿದ್ದರೆ ಅರ್ಧ ವಿಷಯ ಅಲ್ಲೇ ಬಿಟ್ಟುಹೋಗುತ್ತದೆ. ವ್ಯಾಪಾರದ ನಷ್ಟ ಇರುವುದು ಪರಿಹಾರ ಕಟ್ಟುವಾಗ ನೋಡಬೇಕಾದ ಏಳು ಅಂಶಗಳನ್ನು ಪಟ್ಟಿ ಮಾಡುವ 28ನೇ ಕಲಮಿನಲ್ಲಿ, ಮತ್ತು ಅದನ್ನು ಕೇಳಿದವರಿಗೆ ಮಾತ್ರ ಸಿಗುತ್ತದೆ.

ಮೊದಲು ಜಾಗದ ಲೆಕ್ಕ ಬೇಗ ಮುಗಿಸೋಣ. ನಗರದಲ್ಲಿ ಜಾಗದ ಬೆಲೆ 40 ಲಕ್ಷ, ಕಟ್ಟಡ 10 ಲಕ್ಷ ಅಂದುಕೊಳ್ಳಿ. ಒಟ್ಟು 50. 30ನೇ ಕಲಮಿನ ಪ್ರಕಾರ ಶೇ 100 ಸೋಲೇಷಿಯಂ ಸೇರಿ 1 ಕೋಟಿ. ಇದರ ಜೊತೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12, ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪು (ಪರಿಹಾರ ನಿಗದಿ ಮಾಡುವ ಜಿಲ್ಲಾಧಿಕಾರಿಯ ಆದೇಶ) ಅಥವಾ ಜಾಗ ವಶಕ್ಕೆ ತಗೊಳ್ಳುವುದು, ಯಾವುದು ಮೊದಲೋ ಅಲ್ಲಿಯವರೆಗೆ. ಹಳ್ಳಿಯಾದರೆ ಜಾಗದ ಬೆಲೆಯನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸುತ್ತಾರೆ.

ಈಗ ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ಇದೆ ಅನ್ನಿ. ಮೆಷಿನ್ ಕೂರಿಸಲು ಹಾಕಿದ ಕಾಂಕ್ರೀಟ್ ಬೆಡ್ ನೆಲಕ್ಕೆ ಅಂಟಿಕೊಂಡದ್ದು, ಅದು 29ನೇ ಕಲಮಿನಲ್ಲಿ ಬರುತ್ತದೆ. ಆದರೆ ಮೆಷಿನ್ ಬಿಚ್ಚಿ, ಲಾರಿಗೆ ಹಾಕಿ, ಹೊಸ ಜಾಗದಲ್ಲಿ ಬೋಲ್ಟ್ ಬಿಗಿದು, ಮತ್ತೆ ಮೂರು ಫೇಸ್ ಕನೆಕ್ಷನ್ ತಗೊಳ್ಳುವ ಖರ್ಚು 28ರ ಐದನೇ ಅಂಶ: ವ್ಯಾಪಾರದ ಸ್ಥಳ ಬದಲಿಸಬೇಕಾಗಿ ಬಂದಾಗ ಆಗುವ ನ್ಯಾಯವಾದ ಖರ್ಚು. ನಾಲ್ಕನೇ ಅಂಶ ಸ್ವಾಧೀನದಿಂದ ಗಳಿಕೆಗೆ ಬೀಳುವ ಪೆಟ್ಟು. ಆರನೆಯದನ್ನು ಜಾಗ್ರತೆಯಿಂದ ಓದಿ, ಅಲ್ಲೇ ಎಲ್ಲರೂ ಎಡವುವುದು. ಅದು ಜಾಗದ ಲಾಭ ಕಮ್ಮಿಯಾದದ್ದಕ್ಕೆ ಕೊಡುವ ದುಡ್ಡು ನಿಜ, ಆದರೆ ಜಾಗ ಬೇಕು ಅಂತ ಸರ್ಕಾರ ಹೊರಡಿಸುವ 19ನೇ ಕಲಮಿನ ಘೋಷಣೆಯಿಂದ ಜಾಗ ವಶಕ್ಕೆ ತಗೊಳ್ಳುವವರೆಗಿನ ಅವಧಿಗೆ ಮಾತ್ರ. ಮುಂದಿನ ಹತ್ತು ವರ್ಷದ ಲಾಭ ಅದರಲ್ಲಿ ಇಲ್ಲ.

ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಕೂತು ಗಳಿಸಿದ ಗಿರಾಕಿಗಳು, ಅಂದರೆ ಗುಡ್‌ವಿಲ್? ಆ ಪದವೇ ಕಲಮಿನಲ್ಲಿ ಇಲ್ಲ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ವಾದ ಮಾಡುವುದಾದರೆ ನಾಲ್ಕನೆಯ ಅಂಶ ಇದೆ, ಜೊತೆಗೆ ನ್ಯಾಯ ಮತ್ತು ಸಮತೆಯ ದೃಷ್ಟಿಯಿಂದ ಬೇರೆ ಯಾವ ಆಧಾರವನ್ನಾದರೂ ಪರಿಗಣಿಸಬಹುದು ಅನ್ನುವ ಏಳನೆಯ ಅಂಶ ಇದೆ.

ಬಾಡಿಗೆದಾರನಿಗೆ ಏನೂ ಸಿಗಲ್ಲ ಅಂತ ಸುಮ್ನೆ ಬರೆದುಬಿಡಬೇಡಿ. ಜಾಗ ಅವನದಲ್ಲ, ವ್ಯಾಪಾರ ಅವನದೇ ಅಲ್ವಾ? ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬೀಳುವವನೂ 'ಹಿತಾಸಕ್ತಿಯುಳ್ಳ ವ್ಯಕ್ತಿ', ಅಂದರೆ ಪರಿಹಾರ ಕೇಳಬಹುದಾದವನು. ಮೂರು ವರ್ಷ ಮುಂಚಿನಿಂದ ಅಲ್ಲೇ ದುಡಿಯುತ್ತಿದ್ದು, ಅದೇ ಮುಖ್ಯ ಆದಾಯವಾಗಿದ್ದರೆ ಬಾಡಿಗೆದಾರನ ಕುಟುಂಬವೂ 'ಬಾಧಿತ ಕುಟುಂಬ' ಆಗುತ್ತದೆ. ಅಂಥ ಕುಟುಂಬಗಳ ಪುನರ್ವಸತಿಗೆ ಇರುವ ಎರಡನೇ ಅನುಸೂಚಿಯಲ್ಲಿ ಸಣ್ಣ ವ್ಯಾಪಾರಿಗೆ ಒಂದು ಸಲದ ನೆರವು ಇದೆ, ಕನಿಷ್ಠ 25,000 ರೂಪಾಯಿ. ನನ್ನ ಪ್ರಕಾರ ತೀರಾ ಕಮ್ಮಿ.

ಕಾರ್ಖಾನೆಯ ಒಂದು ಭಾಗ ಮಾತ್ರ ತಗೊಳ್ಳುತ್ತಾರೆ ಅಂದರೆ 94ನೇ ಕಲಂ ನೋಡಿ. ತಗೊಳ್ಳುವುದಾದರೆ ಪೂರ್ತಿ ಕಟ್ಟಡ ತಗೊಳ್ಳಿ ಅಂತ ಮಾಲೀಕ ಹೇಳಬಹುದು. ಮುಂಭಾಗ ಹೋದ ಮೇಲೆ ಉಳಿದ ಶೆಡ್‌ನಲ್ಲಿ ಲಾರಿ ತಿರುಗಿಸಲೂ ಆಗದಿದ್ದರೆ ಇದು ಬಹಳ ಉಪಯೋಗದ ಕಲಂ.

ಇದೆಲ್ಲ ಕೇಳಬೇಕಾದದ್ದು 21ನೇ ಕಲಮಿನಲ್ಲಿ, ನಿಮ್ಮ ಹಕ್ಕು ಏನು ಹೇಳಿ ಅಂತ ಜಿಲ್ಲಾಧಿಕಾರಿಯ ನೋಟಿಸ್ ಬಂದಾಗ. ಮೆಷಿನ್ ಸಾಗಿಸುವ ಕೊಟೇಷನ್, ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ಲೆಕ್ಕ, ಕರೆಂಟ್ ಬಿಲ್, ಎಲ್ಲ ಆಗಲೇ ಹಾಕಬೇಕು. ಗಳಿಕೆ ಇತ್ತು ಅಂತ ತೋರಿಸುವ ಕಾಗದ ಇಲ್ಲದಿದ್ದರೆ ನಾಲ್ಕನೇ ಅಂಶ ಬಾಯಿಮಾತಾಗಿ ಉಳಿಯುತ್ತದೆ.

ಮೊತ್ತ ಕಮ್ಮಿ ಅನ್ನಿಸಿದರೂ ಹಣ ತಗೊಳ್ಳಬಹುದು, ಆದರೆ ಆಕ್ಷೇಪಣೆ ಉಳಿಸಿಕೊಂಡು ಪಡೆದಿದ್ದೇನೆ ಅಂತ ಬರೆದೇ ತಗೊಳ್ಳಬೇಕು. ಹಾಗೆ ಬರೆಯದೆ ತಗೊಂಡರೆ, ತಕರಾರನ್ನು ಪ್ರಾಧಿಕಾರದ ತೀರ್ಮಾನಕ್ಕೆ ಕಳಿಸಿ ಅಂತ ಕೇಳುವ 64ನೇ ಕಲಮಿನ ಅರ್ಜಿಯ ಹಕ್ಕು ಹೋಗುತ್ತದೆ. ಅರ್ಜಿಗೆ, ಐತೀರ್ಪಿನ ದಿನ ಎದುರಲ್ಲೇ ಇದ್ದವರಿಗೆ 6 ವಾರ. ಉಳಿದವರಿಗೆ ನೋಟಿಸ್ ಸಿಕ್ಕ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲೋ ಅದು.

ಪ್ರಶ್ನೆಯಲ್ಲಿ ರಾಷ್ಟ್ರೀಯ ಹೆದ್ದಾರಿ ಅಂತ ಬಂದರೆ ದಾರಿ ಬೇರೆ. ಅಲ್ಲಿ 1956ರ ಹೆದ್ದಾರಿ ಕಾಯ್ದೆಯ 3ಜಿ ಕಲಂ. ಗಳಿಕೆ, ಸ್ಥಳ ಬದಲಾವಣೆಯ ಖರ್ಚು ಅಲ್ಲೂ ಇವೆ, ತಕರಾರು ಮಾತ್ರ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ. ಸೋಲೇಷಿಯಂ ಅಲ್ಲೂ ಕೊಡಲೇಬೇಕು ಅಂತ 2019ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.